ಏಳು ಬಿದ್ದರೆ ನಿಮ್ಮ ಹುಡುಗ ಗೆಲ್ಲುವುದಿಲ್ಲ

ನಮಸ್ಕಾರ. ಪ್ರಕಟಣೆಗೆ ನೀವು ಕಳಿಸಿದ ಕಥೆ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಒಂದು ಸಾಲು ಬರೆದು ಸುಮ್ನೆ ಕೈತೊಳೆದುಕೊಳ್ಳುವ ಕಥೆಯೂ ಇದಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ನಿಮ್ಮ ಹೆಸರು ತೆಗೆದು ಈ ಉತ್ತರವನ್ನು ಎಲ್ಲರೂ ಓದುವ ಹಾಗೆ ಹಾಕಿದ್ದೇನೆ. ಗೊತ್ತಿಲ್ಲದ ಆಟವನ್ನು ಕಥೆಯ ಕೊನೆಗೆ ತಂದು ನಿಲ್ಲಿಸುವವರು ನೀವೊಬ್ಬರೇ ಅಲ್ಲ.

ಉಳಿದವರಿಗೆ ಕಥೆ ಇಷ್ಟು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಪ್ಪ, ತಲೆ ಮೇಲೆ ಸಾಲ. ಮಗ ಇಲ್ಲೇ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋಗುತ್ತಾನೆ. ಒಂದು ವಾರಾಂತ್ಯ ಊರಿನದೇ ಗೆಳೆಯರ ಜೊತೆ ಲಾಸ್ ವೇಗಸ್‌ಗೆ ಹೋಗಿ ಕ್ರ್ಯಾಪ್ಸ್ ಅನ್ನುವ ದಾಳದ ಜೂಜಿನ ಮೇಜಿನ ಮುಂದೆ ನಿಲ್ಲುತ್ತಾನೆ. ಎಲ್ಲರೂ ದಾಳದ ಪರ ದುಡ್ಡು ಕಟ್ಟಿದರೆ ಇವನೊಬ್ಬ ದಾಳದ ವಿರುದ್ಧ ಕಟ್ಟಿ, ಗೆದ್ದು, ಅಪ್ಪನ ಸಾಲ ತೀರಿಸುತ್ತಾನೆ.

ಮೊದಲು ಚೆನ್ನಾಗಿರುವುದನ್ನು ಹೇಳಿಬಿಡುತ್ತೇನೆ. ಭಟ್ಟಿಯ ಭಾಗಕ್ಕೆ ನಾನು ಪೆನ್ನು ಮುಟ್ಟಿಸಲಿಲ್ಲ. ಕಾದ ಮರಳಿನಲ್ಲಿ ಅಕ್ಕಿ ಅರಳಿ ಮೇಲೆ ಬರುವ ಹೊತ್ತಿಗೆ ಅಪ್ಪ ಹೊಗೆಗೆ ಕಣ್ಣು ಮುಚ್ಚಿಕೊಂಡೇ ಜರಡಿ ಹಿಡಿಯುತ್ತಾನಲ್ಲ, ಶಬ್ದ ಕೇಳಿಯೇ ಆಯ್ತೋ ಇಲ್ಲವೋ ಅಂತ ಗೊತ್ತುಮಾಡಿಕೊಳ್ಳುತ್ತಾನಲ್ಲ, ಅದು ಹತ್ತಿರ ನಿಂತು ನೋಡಿದವರು ಮಾತ್ರ ಬರೆಯುವಂಥದ್ದು. ವೇಗಸ್ ಭಾಗ ವಿಡಿಯೊ ನೋಡಿ ಬರೆದದ್ದು. ಅದೂ ಅರ್ಧ ನೋಡಿ.

ಕೊನೆಯ ದೃಶ್ಯಕ್ಕೇ ಬರೋಣ. ಹುಡುಗ ‘ಡೋಂಟ್ ಪಾಸ್’ ಮೇಲೆ, ಅಂದರೆ ದಾಳದ ವಿರುದ್ಧ, ಐದು ಸಾವಿರ ಡಾಲರ್ ಇಡುತ್ತಾನೆ. ಹೊಸ ಸುತ್ತು, ಮೊದಲ ಎಸೆತ. ಏಳು ಬೀಳುತ್ತದೆ. ಮೇಜಿನ ಸುತ್ತ ಇದ್ದವರೆಲ್ಲ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಾರೆ, ಇವನು ಗೆಲ್ಲುತ್ತಾನೆ ಅಂತ ಬರೆದಿದ್ದೀರಿ. ಸ್ವಾಮಿ, ಪೂರ್ತಿ ಉಲ್ಟಾ. ಮೊದಲ ಎಸೆತದಲ್ಲಿ ಏಳು ಅಥವಾ ಹನ್ನೊಂದು ಬಿದ್ದರೆ ದಾಳದ ಪರ ಕಟ್ಟಿದವರು, ಅಂದರೆ ‘ಪಾಸ್ ಲೈನ್’ನವರು, ಅಲ್ಲೇ ಗೆದ್ದರು. ಆ ಕ್ಷಣಕ್ಕೆ ಮೇಜು ಕುಣಿಯುತ್ತೆ. ನಿಮ್ಮ ಹುಡುಗನ ಐದು ಸಾವಿರವನ್ನು ಡೀಲರ್ ಎಳೆದುಕೊಂಡು ಹೋಗುತ್ತಾನೆ. ಆಟ ಗೊತ್ತಿರುವ ಒಬ್ಬ ಓದುಗ ಇಲ್ಲಿಗೆ ಬಂದರೆ ಸಾಕು, ಮುಂದೆ ಅಪ್ಪನ ಕಣ್ಣೀರನ್ನೂ ಅವನು ನಂಬುವುದಿಲ್ಲ.

ಆಟ ಹೇಗೆ ನಡೆಯುತ್ತೆ ಅಂತ ಒಮ್ಮೆ ಸರಿಯಾಗಿ ಕೂತು ಲೆಕ್ಕ ಹಾಕಿ, ಕಷ್ಟ ಏನಿಲ್ಲ. ಎರಡು ದಾಳ, ಒಟ್ಟು 36 ಬಗೆಯಲ್ಲಿ ಬೀಳಬಹುದು. ಅದರಲ್ಲಿ ಏಳು ಆಗುವುದು 6 ಬಗೆ: ಒಂದು-ಆರು, ಎರಡು-ಐದು, ಮೂರು-ನಾಲ್ಕು, ಮತ್ತೆ ಅವೇ ತಿರುಗಿಸಿ. ಹನ್ನೊಂದು 2 ಬಗೆ. ಹಾಗಾಗಿ ಮೊದಲ ಎಸೆತದಲ್ಲಿ ವಿರುದ್ಧ ಕಟ್ಟಿದವನು ಸೋಲುವ ದಾರಿ 8. ಅವನು ಗೆಲ್ಲುವುದು ಎರಡೋ ಮೂರೋ ಬಿದ್ದರೆ ಮಾತ್ರ, ಅಂದರೆ ಮೂರೇ ದಾರಿ. ಹನ್ನೆರಡು ಬಿದ್ದರೆ ಗೆಲುವೂ ಇಲ್ಲ, ಸೋಲೂ ಇಲ್ಲ, ಇಟ್ಟದ್ದು ಇಟ್ಟ ಹಾಗೇ. ನಿಮ್ಮ ಮೂರನೇ ಪುಟದಲ್ಲಿ ಹನ್ನೆರಡು ಬಿದ್ದಾಗ ಅವನು ದುಡ್ಡು ಎಣಿಸಿಕೊಳ್ಳುತ್ತಾನೆ, ಅದೂ ತಪ್ಪು. ಹನ್ನೆರಡಕ್ಕೆ ಕೊಡುವುದಿಲ್ಲ ಅಂತ ಮೇಜಿನ ಮೇಲೇ ಎರಡು ಆರರ ದಾಳದ ಚಿತ್ರ ಹಾಕಿರುತ್ತಾರೆ. ಕೆಲವು ಕಡೆ ಹನ್ನೆರಡರ ಬದಲು ಎರಡನ್ನು ತಡೆದಿರುತ್ತಾರೆ, ಲೆಕ್ಕ ಅದೇ.

ಈ ಹನ್ನೆರಡರ ವಿಷಯ ಚಿಕ್ಕದಲ್ಲ. ಅದೊಂದನ್ನು ಬಿಟ್ಟುಕೊಟ್ಟಿದ್ದರೆ ವಿರುದ್ಧ ಕಟ್ಟುವವನಿಗೇ ಲಾಭ ಆಗಿಬಿಡುತ್ತಿತ್ತು, ಕ್ಯಾಸಿನೋ ಬಾಗಿಲು ಮುಚ್ಚಬೇಕಾಗುತ್ತಿತ್ತು. 36ರಲ್ಲಿ ಒಂದೇ ಒಂದು ದಾರಿಯನ್ನು ಹಿಡಿದುಕೊಂಡು ಅವರು ತಮ್ಮ ಪಾಲನ್ನು ಕಾಪಾಡಿಕೊಂಡಿದ್ದಾರೆ. ಆದ್ದರಿಂದ ನಿಮ್ಮ ಪತ್ರದಲ್ಲಿ ಬರೆದಿರುವ ‘ಕ್ಯಾಸಿನೋದವರಿಗೇ ಗೊತ್ತಿಲ್ಲದ ಗುಟ್ಟು’ ಅನ್ನುವ ಮಾತು ದಯವಿಟ್ಟು ಬೇಡ. ಅವರು ಗೊತ್ತಿದ್ದೇ ಆ ಡೋಂಟ್ ಪಾಸ್ ಚೌಕವನ್ನು ಮೇಜಿನ ಮೇಲೆ ಬರೆದಿಟ್ಟಿದ್ದಾರೆ. ಪಾಸ್ ಲೈನ್‌ನಲ್ಲಿ 100 ರೂಪಾಯಿಗೆ ಕ್ಯಾಸಿನೋಗೆ ಸರಾಸರಿ 1.41 ರೂಪಾಯಿ ಉಳಿಯುತ್ತೆ, ಡೋಂಟ್ ಪಾಸ್‌ನಲ್ಲಿ 1.36. ವ್ಯತ್ಯಾಸ ಐದು ಪೈಸೆ. ಐದು ಪೈಸೆಯ ಗುಟ್ಟಿನಿಂದ ಯಾರ ಅಪ್ಪನ ಸಾಲವೂ ತೀರುವುದಿಲ್ಲ, ಅಲ್ವಾ?

ನಮ್ಮ ಕಡೆ ಅಂದರ್-ಬಾಹರ್ ನೋಡಿದವರು ಇದನ್ನೂ ಹಾಗೇ ಅಂದುಕೊಳ್ಳುತ್ತಾರೆ: ಆ ಕಡೆ ಇಲ್ಲವಾದರೆ ಈ ಕಡೆ, ಎಲೆ ಬಿತ್ತು, ಮುಗೀತು. ಇಲ್ಲಿ ಹಾಗಲ್ಲ. ಒಂದೇ ಬೆಟ್‌ಗೆ ಎರಡು ಹಂತ ಇದೆ, ಎರಡನೆಯದರಲ್ಲಿ ಭಯ ಕಡೆ ಬದಲಿಸುತ್ತೆ. ನಿಮ್ಮ ಕಥೆ ಕಳೆದುಕೊಂಡದ್ದು ಇದನ್ನೇ.

ಮೊದಲ ಎಸೆತದಲ್ಲಿ ನಾಲ್ಕು, ಐದು, ಆರು, ಎಂಟು, ಒಂಬತ್ತು, ಹತ್ತು, ಇದರಲ್ಲಿ ಯಾವುದಾದರೂ ಬಿದ್ದರೆ ಅದು ‘ಪಾಯಿಂಟ್’. ಕಪ್ಪು ಬಿಲ್ಲೆಯನ್ನು ತಿರುಗಿಸಿ ಬಿಳಿ ಕಡೆ ಮೇಲೆ ಮಾಡಿ ಆ ಸಂಖ್ಯೆಯ ಮೇಲೆ ಇಡುತ್ತಾರೆ. ಇನ್ನು ಮುಂದೆ ಎರಡೇ ಪ್ರಶ್ನೆ: ಆ ಸಂಖ್ಯೆ ಮತ್ತೆ ಬೀಳುತ್ತೋ, ಅದಕ್ಕಿಂತ ಮೊದಲು ಏಳು ಬೀಳುತ್ತೋ. ಈಗ ಏಳು ನಿಮ್ಮ ಹುಡುಗನ ಕಡೆ. ಪಾಯಿಂಟ್ ನಾಲ್ಕು ಅಂದುಕೊಳ್ಳಿ. ನಾಲ್ಕು ಬೀಳುವುದು ಮೂರೇ ಬಗೆ, ಏಳು ಆರು ಬಗೆ. ಮೂರರಲ್ಲಿ ಎರಡು ಪಾಲು ಗೆಲುವು ಇವನದು. ಪಾಯಿಂಟ್ ಆರೋ ಎಂಟೋ ಆದರೆ ಅಷ್ಟಿಲ್ಲ, 11ರಲ್ಲಿ 6. ಆದರೂ ಮೇಲುಗೈ ಇವನದೇ. ಇವನಿಗೆ ಕಂಟಕ ಇದ್ದದ್ದು ಮೊದಲ ಎಸೆತದಲ್ಲಿ. ಅದನ್ನು ದಾಟಿದ ಮೇಲೆ ಉಳಿದವರೆಲ್ಲ ಏಳು ಬಾರದಿರಲಿ ಅಂತ ಬೇಡಿಕೊಳ್ಳುತ್ತಿರುತ್ತಾರೆ, ಇವನು ಬರಲಿ ಅಂತ. ಮತ್ತು ಅದು ತಕ್ಷಣ ಬರುವುದಿಲ್ಲ. ಪಾಯಿಂಟ್ ನಾಲ್ಕಾದರೆ ಸರಾಸರಿ ನಾಲ್ಕು ಎಸೆತ ಕಾಯಬೇಕು, ಒಮ್ಮೊಮ್ಮೆ ಹತ್ತಾದರೂ ಮುಗಿಯುವುದಿಲ್ಲ. ನಡುವೆ ಬೀಳುವ ಐದು, ಎಂಟು, ಹನ್ನೊಂದು ಯಾವುದೂ ಇವನಿಗೆ ಲೆಕ್ಕಕ್ಕಿಲ್ಲ. ದಾಳ ಹೋಗಿ ಎದುರು ಗೋಡೆಯ ಮೊನೆಮೊನೆ ರಬ್ಬರ್‌ಗೆ ಬಡಿದು ತಿರುಗಿ ಬರುತ್ತೆ, ಕೋಲು ಹಿಡಿದವನು ಸಂಖ್ಯೆ ಕೂಗಿ ಕೋಲಿನಿಂದ ಎಳೆದು ಮತ್ತೆ ಎಸೆಯುವವನ ಕೈಗೆ ತಳ್ಳುತ್ತಾನೆ. ಮತ್ತೆ. ಮತ್ತೆ. ಈ ಕಾಯುವಿಕೆಯನ್ನು ಬಿಟ್ಟು ನೀವು ಒಂದೇ ಎಸೆತದಲ್ಲಿ ಮುಗಿಸಿದ್ದೀರಿ.

ಇನ್ನೊಂದು ವಿಷಯ. ಆ ಮೇಜಿನಲ್ಲಿ ‘ಸೆವೆನ್’ ಅಂತ ಬಾಯಿಬಿಟ್ಟು ಹೇಳಿದರೆ ಅಪಶಕುನ ಅನ್ನುತ್ತಾರೆ. ನಿಮ್ಮ ಹುಡುಗ ‘ಏಳು ಬಾ, ಏಳು ಬಾ’ ಅಂತ ಅರಚುತ್ತಾನೆ. ಅಪರಿಚಿತರಿಗೆ ಕನ್ನಡ ಬರುವುದಿಲ್ಲ, ಅದು ಸರಿ. ಪಕ್ಕದಲ್ಲಿ ಪಾಸ್ ಲೈನ್ ಮೇಲೆ ಕಟ್ಟಿ ನಿಂತಿರುವ ದಾವಣಗೆರೆ ಗೆಳೆಯರಿಗೆ ಬರುತ್ತಲ್ಲ! ಅವರು ಏನೂ ಅನ್ನುವುದೇ ಇಲ್ಲವಾ? ಒಬ್ಬನಾದರೂ ‘ಏನ್ಲೇ, ನಾವು ಮುಳುಗ್ಲಿ ಅಂತೀಯಾ’ ಅನ್ನಬೇಕು. ಅಂದಹಾಗೆ ಆ ಗೆಳೆಯರು ‘ಮಿತ್ರಾ, ನೀನು ಚಿಂತಿಸಬೇಡ’ ಅಂತೆಲ್ಲ ಮಾತಾಡುತ್ತಾರೆ. ಬೆಣ್ಣೆದೋಸೆ ತಿಂದು ಬೆಳೆದ ಯಾವ ಹುಡುಗನೂ ಹಾಗೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಅವರು ಸೋತ ದುಡ್ಡು ಇವನ ಕೈಗೆ ಬರುವುದಿಲ್ಲ ಅನ್ನುವುದೂ ನಿಮಗೆ ಗೊತ್ತಿರಬೇಕು. ಬೀದಿಯಲ್ಲಿ ಆಡುವಾಗ ಒಬ್ಬರ ವಿರುದ್ಧ ಒಬ್ಬರು ಕಟ್ಟುತ್ತಾರೆ, ಕ್ಯಾಸಿನೋದಲ್ಲಿ ಎಲ್ಲರಿಗೂ ಕೊಡುವುದು ಕ್ಯಾಸಿನೋನೇ. ಹಾಗಾಗಿ ಇವನು ಗೆಳೆಯರಿಗೆ ಮೋಸ ಮಾಡಿಲ್ಲ. ಆದರೂ ಎಲ್ಲರೂ ಸೋತ ಕ್ಷಣದಲ್ಲಿ ಇವನೊಬ್ಬನ ಮುಂದೆ ಚಿಪ್ಸ್ ಬಂದು ಕೂರುತ್ತವೆ, ಗೆಳೆಯರು ಅದನ್ನು ನೋಡುತ್ತಾರೆ. ಅಲ್ಲಿಂದ ಹೋಟೆಲಿಗೆ ವಾಪಸ್ ಹೋಗುವ ದಾರಿಯನ್ನು ಬರೆಯಿರಿ. ನನಗೆ ಓದಬೇಕಿರುವುದು ಅದು.

ಸಣ್ಣಪುಟ್ಟವು ಇನ್ನೂ ಇವೆ. ಪಾಯಿಂಟ್ ನಾಲ್ಕಾದ ಮೇಲೆ ಇವನು ನೂರು ಡಾಲರ್ ಹೆಚ್ಚಿಗೆ ಇಟ್ಟು ಇನ್ನೂರು ಗೆಲ್ಲುತ್ತಾನೆ ಅಂತ ಬರೆದಿದ್ದೀರಿ. ಅದು ಪರ ಕಟ್ಟಿದವರ ಲೆಕ್ಕ. ವಿರುದ್ಧ ಇರುವವನು ನೂರು ಗೆಲ್ಲಲು ಇನ್ನೂರು ಇಡಬೇಕು, ಐದು-ಒಂಬತ್ತಕ್ಕೆ ನೂರೈವತ್ತು, ಆರು-ಎಂಟಕ್ಕೆ ನೂರಿಪ್ಪತ್ತು. ಗೆಲ್ಲುವ ಸಾಧ್ಯತೆ ಜಾಸ್ತಿ ಇರುವುದರಿಂದ ಹಾಗೆ. ಈ ಹೆಚ್ಚುವರಿ ದುಡ್ಡಿನ ಮೇಲೆ ಕ್ಯಾಸಿನೋಗೆ ಒಂದು ಪೈಸೆಯೂ ಉಳಿಯುವುದಿಲ್ಲ ನಿಜ, ಆದರೆ ಕಡಿಮೆ ಗೆಲ್ಲಲು ಜಾಸ್ತಿ ಇಡುವುದಕ್ಕೆ ಎದೆ ಬೇಕು, ಸಾಲಗಾರನ ಮಗನಿಗಂತೂ ಕೈ ನಡುಗಬೇಕು.

ನೀವು ತಿಳಿಯದೆಯೇ ಸರಿಯಾಗಿ ಬರೆದ ಒಂದು ಜಾಗ ಇದೆ. ನಾಲ್ಕನೇ ಪುಟದಲ್ಲಿ ಪಾಯಿಂಟ್ ಬಿದ್ದ ಮೇಲೆ ಅವನು ಹೆದರಿ ಚಿಪ್ಸ್ ವಾಪಸ್ ತೆಗೆದುಕೊಳ್ಳುತ್ತಾನೆ, ಡೀಲರ್ ಒಂದು ಮಾತೂ ಆಡುವುದಿಲ್ಲ. ಪಾಸ್ ಲೈನ್‌ನವರು ಹಾಗೆ ತೆಗೆಯುವಂತಿಲ್ಲ. ಡೋಂಟ್ ಪಾಸ್‌ನವನು ತೆಗೆಯಬಹುದು, ಕ್ಯಾಸಿನೋದವರು ಖುಷಿಯಿಂದ ಬಿಡುತ್ತಾರೆ, ಯಾಕೆಂದರೆ ಕಂಟಕ ದಾಟಿ, ಗೆಲುವಿನ ಕಡೆ ನಿಂತು, ಆಗ ಓಡಿಹೋಗುವವನಿಂದ ಅವರಿಗೇ ಲಾಭ. ನೀವು ಇದನ್ನು ಅವನ ಜಾಣತನ ಅಂತ ಹೊಗಳಿದ್ದೀರಿ. ಹೊಗಳಿಕೆಯ ಸಾಲು ಹೊಡೆದುಹಾಕಿ, ದೃಶ್ಯ ಹಾಗೇ ಇರಲಿ. ಗೆಲ್ಲುವ ಹೊತ್ತಿಗೆ ಹೆದರುವ ಹುಡುಗ ನನಗೆ ಇಷ್ಟವಾದ. ಕಥೆ ನಿಜಕ್ಕೂ ಅವನದು, ಐದು ಸಾವಿರ ಬಾಚಿಕೊಂಡು ಬರುವವನದಲ್ಲ.

ಶಕುನಿಯನ್ನು ತೆಗೆಯಿರಿ. ದಾಳ ಅಂದ ಕೂಡಲೇ ಎಲ್ಲರೂ ಅವನನ್ನೇ ಕರೆತರುತ್ತಾರೆ, ಪಾಪ. ಧರ್ಮರಾಯನನ್ನೂ ಬಿಟ್ಟುಬಿಡಿ. ವೇಗಸ್‌ನ ದೀಪಗಳ ಬಗ್ಗೆ ಒಂದಿಡೀ ಪ್ಯಾರಾ ಇದೆ, ಅದರ ಅಗತ್ಯ ಏನೂ ಕಾಣಲಿಲ್ಲ. ಸಾಲ ತೀರುವುದನ್ನು ಕೂಡ ತೆಗೆದುಹಾಕಿ ಅಂತಲೇ ಹೇಳುತ್ತೇನೆ, ಆದರೆ ಅದು ನಿಮ್ಮ ಕಥೆ, ನಿಮ್ಮಿಷ್ಟ.

ತಿದ್ದಲು ಕೂರುವ ಮೊದಲು ಮನೆಯಲ್ಲಿರುವ ಎರಡು ದಾಳ ತೆಗೆದುಕೊಂಡು, ಕಡ್ಲೆಬೀಜವನ್ನೇ ಚಿಪ್ಸ್ ಮಾಡಿಕೊಂಡು, ಒಂದು ಸಂಜೆ ವಿರುದ್ಧದ ಕಡೆ ಕಟ್ಟಿ ಆಡಿ ನೋಡಿ. ದುಡ್ಡು ಕಟ್ಟಬೇಡಿ. ಆಮೇಲೆ ಮತ್ತೆ ಕಳಿಸಿ, ಎರಡು ಸಾವಿರ ಪದದೊಳಗೆ ಇರಲಿ. ಮತ್ತೆ ನುಡಿಯಲ್ಲಿ ಟೈಪ್ ಮಾಡಿದ ಫೈಲ್ ಬೇಡ, ಯೂನಿಕೋಡ್‌ನಲ್ಲಿ ಕಳಿಸಿ. ಈ ಸಲ ನಿಮ್ಮ ಒತ್ತಕ್ಷರಗಳನ್ನು ಸರಿಮಾಡುವಷ್ಟರಲ್ಲಿ ನನಗೆ ಸಾಕುಸಾಕಾಯಿತು.