ನೆಲನೆಲ್ಲಿಯನ್ನು ಯಾರೂ ಪರೀಕ್ಷಿಸಲಿಲ್ಲವೇ?

*‘ನೆಲನೆಲ್ಲಿಯ ಸಾರ ಲಿವರ್ ಕ್ಯಾನ್ಸರ್ ಕೋಶಗಳನ್ನು ಕೊಂದಿತು ಅಂತ ಓದಿದೆ. ಹಿತ್ತಲಲ್ಲೇ ಮದ್ದಿದ್ದರೂ ಡಾಕ್ಟರುಗಳು ಯಾಕೆ ಕಡೆಗಣಿಸುತ್ತಾರೆ?’ – ಶಿರಸಿಯ ಓದುಗರೊಬ್ಬರು*

ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಯಾರಿಗಾದರೂ ಕಾಮಾಲೆ ಅಂದರೆ ಸಾಕು, ನಮ್ಮ ಅಜ್ಜಿ ಬೆಳಕು ಹರಿಯುವ ಮುಂಚೆ ನೆಲನೆಲ್ಲಿಯನ್ನು ಬೇರುಸಮೇತ ಕಿತ್ತು ತರುತ್ತಿದ್ದರು. ಎಲೆಯ ಅಡಿಯಲ್ಲಿ ಸಾಲಾಗಿ ಪುಟ್ಟ ಹಸಿರು ಕಾಯಿ. ಒರಳಲ್ಲಿ ಅರೆದು, ಮಜ್ಜಿಗೆಯಲ್ಲಿ ಕದಡಿ, ಖಾಲಿ ಹೊಟ್ಟೆಗೆ ಕೊಡುತ್ತಿದ್ದರು. ಯಾವ ಗಿಡ ಅಂತ ಹೊರಗಿನವರು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಹೇಳಿದರೆ ಗುಣ ಹೋಗುತ್ತದಂತೆ. ಕುಡಿದವರು ಹುಷಾರಾದರು, ನಿಜ. ಆದರೆ ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹಳಷ್ಟು ಜನರಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ, ಅಲ್ವಾ?

ಕಡೆಗಣಿಸಿದರು ಅನ್ನುವುದನ್ನು ಮಾತ್ರ ಒಪ್ಪಲಾರೆ. ಲಿವರ್ ಕ್ಯಾನ್ಸರ್‌ಗೆ ದೊಡ್ಡ ಕಾರಣ ಹೆಪಟೈಟಿಸ್ ಬಿ ವೈರಸ್. ಅದನ್ನು ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ಮದ್ರಾಸಿನ ವಿಜ್ಞಾನಿ ತ್ಯಾಗರಾಜನ್ ಅವರ ಜೊತೆ ಸೇರಿ ನೆಲನೆಲ್ಲಿಯನ್ನು ಕೈಗೆತ್ತಿಕೊಂಡರು. ವೈರಸ್ ಇದ್ದ 37 ಜನರಿಗೆ 30 ದಿನ ಪುಡಿ ಕೊಟ್ಟರು. 22 ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಮದ್ದಿಲ್ಲದ ಮಾತ್ರೆ ತಿಂದ 23 ಜನರಲ್ಲಿ ಒಬ್ಬರದು ಮಾತ್ರ. 1988ರಲ್ಲಿ ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. ಆಮೇಲೆ ಬೇರೆ ಕಡೆಯವರು ಮಾಡಿ ನೋಡಿದರೆ ಆ ಫಲ ಸಿಗಲಿಲ್ಲ. ನನಗೂ ಬೇಜಾರೇ. ಆದರೆ ನಮ್ಮ ಗಿಡಕ್ಕೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾರು ಕೊಟ್ಟಿದ್ದಾರೆ, ಹೇಳಿ?

ನೀವು ಓದಿದ್ದು ಗಾಜಿನ ತಟ್ಟೆಯ ಪ್ರಯೋಗ. ಅಲ್ಲಿ ಸಾರವನ್ನು ಕೋಶಗಳ ಮೇಲೇ ಸುರಿಯುತ್ತಾರೆ. ಸೋಪಿನ ನೀರು ಸುರಿದರೂ ಅವು ಸಾಯುತ್ತವೆ. ಕುಡಿದ ರಸ ಹೊಟ್ಟೆ, ಕರುಳು ದಾಟಿ ಗೆಡ್ಡೆ ಮುಟ್ಟುವಷ್ಟರಲ್ಲಿ ಎಷ್ಟು ಉಳಿದೀತು? ಗಿಡದಿಂದ ಮದ್ದು ಬರುವುದಿಲ್ಲ ಅಂತಲ್ಲ. ಅಂಗಳದ ನಿತ್ಯಪುಷ್ಪದಿಂದಲೇ ವಿನ್‌ಕ್ರಿಸ್ಟಿನ್ ಬಂತು. ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಇವತ್ತಿಗೂ ಅದನ್ನು ಕೊಡುತ್ತಾರೆ. ಆದರೆ ಆ ಗಿಡವನ್ನು ಸುಮ್ನೆ ಅರೆದು ಕುಡಿದರೆ ವಿಷ.

ನನ್ನ ಕೋಪ ನಮ್ಮವರ ಮೇಲೇ, ಪತ್ರಿಕೆಯವರ ಮೇಲೆ. ತಟ್ಟೆಯಲ್ಲಿ ನಾಲ್ಕು ಕೋಶ ಸತ್ತರೆ ‘ಕ್ಯಾನ್ಸರ್‌ಗೆ ರಾಮಬಾಣ’ ಅಂತ ತಲೆಬರಹ ಕೊಡುತ್ತೇವೆ. ನನ್ನ ಸ್ನೇಹಿತರೊಬ್ಬರು ಅಂಥದ್ದೊಂದು ಸುದ್ದಿಯನ್ನು ಕತ್ತರಿಸಿ ಜೇಬಲ್ಲಿಟ್ಟುಕೊಂಡು ಮೂರು ತಿಂಗಳು ಕಷಾಯ ಕುಡಿದರು. ಆಸ್ಪತ್ರೆಗೆ ಬರುವ ಹೊತ್ತಿಗೆ ಆಪರೇಷನ್ ಮಾಡುವ ಕಾಲ ಮೀರಿತ್ತು. ಆ ಚೀಟಿ ಈಗ ನನ್ನ ಮೇಜಿನ ಖಾನೆಯಲ್ಲಿದೆ.

ಮಗಳಿಗೆ ಹೆರಿಗೆ ಹತ್ತಿರವಾಯಿತು ಅಂತಲೂ ಬರೆದಿದ್ದೀರಿ. ಮಗು ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ತೈವಾನ್ 1984ರಲ್ಲೇ ಇದನ್ನು ಶುರು ಮಾಡಿತು, ಅಲ್ಲಿ ಮಕ್ಕಳ ಲಿವರ್ ಕ್ಯಾನ್ಸರ್ ಇಳಿಯಿತು. ಹಾಕಿಸಿ, ನನಗೊಂದು ಕಾಗದ ಬರೆಯಿರಿ.