ಭೂಶಾಖದ ಬಾವಿಗಳ ಮೇಲೆ ಕಣ್ಣಿಡಲು ಗುರುತ್ವವನ್ನು ಸತತವಾಗಿ ಅಳೆಯುವ ದುಬಾರಿ ಯಂತ್ರ, ಸೂಪರ್‌ಕಂಡಕ್ಟಿಂಗ್ ಗ್ರಾವಿಮೀಟರೇ ಬೇಕಾ, ಆರು ತಿಂಗಳಿಗೊಮ್ಮೆ ಹೋಗಿ ಅಳೆದು ಬಂದರೆ ಸಾಲದಾ?

ಇದೇ ಪ್ರಶ್ನೆ ತಲೆಯಲ್ಲಿಟ್ಟುಕೊಂಡು ಪಿಎಚ್‌ಡಿಗೆ ಉತ್ತರ ಐಸ್‌ಲ್ಯಾಂಡಿಗೆ ಹೋದವನು ನಾನು. ಅಲ್ಲಿ ನೆಲದಡಿಯ ಉಗಿ ತೆಗೆದು ಕರೆಂಟು ಮಾಡುತ್ತಾರೆ. ತೆಗೆದಷ್ಟು ನೀರು ಕೆಳಗೆ ಮತ್ತೆ ತುಂಬುತ್ತಿದೆಯಾ ಅಂತ ನೋಡುವುದು ನನ್ನ ಕೆಲಸ. ತುಂಬದಿದ್ದರೆ ಕೆಳಗಿನ ಭಾರ ತಗ್ಗಿ, ಮೇಲೆ ಗುರುತ್ವ ಕೂದಲೆಳೆಯಷ್ಟು ಕಡಿಮೆಯಾಗುತ್ತದೆ. ಗುಡಿಸಲಿನಂಥ ಶೆಡ್ಡಿನಲ್ಲಿ ನಮ್ಮ ಯಂತ್ರ. ಒಳಗೆ -269 ಡಿಗ್ರಿ ಚಳಿಯಲ್ಲಿ ತೇಲುವ ನಯೋಬಿಯಂ ಗುಂಡು. ಗುರುತ್ವ ನೂರು ಕೋಟಿಯಲ್ಲಿ ಒಂದು ಪಾಲು, ಅಂದರೆ 1 ಮೈಕ್ರೊಗಾಲ್, ಬದಲಾದರೂ ಅದಕ್ಕೆ ಗೊತ್ತಾಗುತ್ತದೆ.

ಚಂದ್ರ, ಸೂರ್ಯರ ಸೆಳೆತ ಕಳೆದೆ. ಗಾಳಿಯ ಒತ್ತಡದ ಪ್ರಭಾವ ಕಳೆದೆ. ಉಳಿದ ಗೆರೆ ಚಳಿಗಾಲವಿಡೀ ಮೆಲ್ಲಗೆ ಇಳಿಯುತ್ತಿತ್ತು. ನಡುವೆ ಎರಡು ಕಡೆ ಮಾತ್ರ ಸುಮಾರು 4 ಮೈಕ್ರೊಗಾಲ್ ಮೇಲಕ್ಕೆ ನೆಗೆದಿತ್ತು. ಎಲೆಕ್ಟ್ರಾನಿಕ್ಸ್ ತೊಂದರೆ ಇರಬೇಕು ಅಂತ ಎರಡೂ ನೆಗೆತ ಕತ್ತರಿಸಿ ಗೆರೆ ಜೋಡಿಸಿದೆ. ಒಟ್ಟು 8 ಮೈಕ್ರೊಗಾಲ್ ಇಳಿತ! ಕೆಳಗೆ ಬರಿದಾಗುತ್ತಿದೆ ಅಂತ ಅಧ್ಯಾಯವೇ ಬರೆದೆ.

ಶೆಡ್ಡು ನೋಡಿಕೊಳ್ಳುತ್ತಿದ್ದ ಹೆಂಗಸು ಗ್ರಾಫ್ ನೋಡಿ, "ಈ ಎರಡು ದಿನ ನಾನು ಸೂರಿನ ಹಿಮ ಎತ್ತಿ ಹಾಕಿದ್ದೆನಲ್ಲ" ಅಂದರು.

ಗುಂಡಿನ ತಲೆ ಮೇಲೆ ಹಿಮ ಕೂತರೆ ಅದು ಗುಂಡನ್ನು ಮೇಲಕ್ಕೆ ಎಳೆಯುತ್ತದೆ, ಗುರುತ್ವ ಕಡಿಮೆ ತೋರುತ್ತದೆ. ಚಿಕ್ಕ ಸೂರಾದರೂ ಒಂದು ಮೀಟರ್ ಹಿಮಕ್ಕೆ 4 ಮೈಕ್ರೊಗಾಲ್ ಆಗಿಬಿಡುತ್ತದೆ. ಹಿಮ ಎತ್ತಿ ಹಾಕಿದಾಗ ಗೆರೆ ತನ್ನ ಜಾಗಕ್ಕೆ ವಾಪಸ್ ಬಂದಿತ್ತು, ಅಷ್ಟೇ. ಇಳಿತ ಉಳಿಸಿಕೊಂಡು ವಾಪಸ್ ಬಂದದ್ದನ್ನು ಅಳಿಸಿದವನು ನಾನು. ಯಂತ್ರದ ನೆಗೆತ ಕ್ಷಣದಲ್ಲಿ ಮುಗಿಯುತ್ತದೆ. ಇವು ಮುಕ್ಕಾಲು ಗಂಟೆ ತೆಗೆದುಕೊಂಡಿದ್ದವು, ಅಂದರೆ ಒಬ್ಬರು ಸಲಿಕೆ ಹಿಡಿದು ದುಡಿಯುವಷ್ಟು ಹೊತ್ತು. ಡೇಟಾ ಹಿಗ್ಗಿಸಿ ನೋಡಿದ್ದರೆ ಕಾಣುತ್ತಿತ್ತು. ನೋಡಲಿಲ್ಲ. ಒಂದು ವರ್ಷ ಹೋಯಿತು.

ಹಾಗಾಗಿ ನಿಮ್ಮ ಪ್ರಶ್ನೆಯೇ ತಲೆಕೆಳಗು ಅನ್ನುತ್ತೇನೆ. ಯಾವ ಯಂತ್ರ ಅನ್ನುವುದು ಆಮೇಲೆ. ನ್ಯೂಜಿಲೆಂಡಿನ ವೈರಾಕೆ ಭೂಶಾಖ ಕ್ಷೇತ್ರದಲ್ಲಿ ದಶಕಗಳಲ್ಲಿ ನೂರಾರು ಮೈಕ್ರೊಗಾಲ್ ಇಳಿದದ್ದನ್ನು ಆಗಾಗ ಹೋಗಿ ಅಳೆದೇ ಕಂಡುಹಿಡಿದರು. ಸತತ ಅಳತೆ ಬೇಕಾಗುವುದು ಯಾವ ವಾರ ಏನಾಯಿತು ಅಂತ ತಿಳಿಯಬೇಕಿದ್ದರೆ ಮಾತ್ರ. ಮೊದಲು ಮಳೆಮಾಪಕ ಹಾಕಿ. ಯಂತ್ರ ಕೂರಿಸಿದ ಕಂಬದ ಪಕ್ಕ ಜಿಪಿಎಸ್ ಇಡಿ, ನೆಲ 1 ಸೆಂ.ಮೀ. ಕುಸಿದರೂ 3 ಮೈಕ್ರೊಗಾಲ್ ಏರುತ್ತದೆ. ಬಾಗಿಲ ಹಿಂದೆ ದಾರ ಕಟ್ಟಿ ಒಂದು ನೋಟ್‌ಬುಕ್ ನೇತುಹಾಕಿ. ಒಳಗೆ ಕಾಲಿಟ್ಟವರೆಲ್ಲ ಏನು ಮಾಡಿದೆವು ಅಂತ ಬರೆಯಲಿ.

ಹಿಮ ಬೀಳದ ಊರಾದರೆ ಖುಷಿಪಡಬೇಡಿ. ಹತ್ತು ಸೆಂಟಿಮೀಟರ್ ಮಳೆನೀರು ನೆಲದಲ್ಲಿ ಇಂಗಿದರೂ ಅದೇ 4 ಮೈಕ್ರೊಗಾಲ್. ಆ ಲೆಕ್ಕವೂ ಸಲೀಸಲ್ಲ, ಶೆಡ್ಡಿನ ಅಡಿ ಮಣ್ಣು ಒಣಗಿಯೇ ಇರುತ್ತದೆ, ಸುತ್ತ ಒದ್ದೆ. ನಿಮ್ಮದು ಯಾವ ಊರು?