‘ಓದುಗರಿಗೆ ಒಗ್ಗುವುದಿಲ್ಲ’ ಎಂಬ ನೆಪ

ಮಾನ್ಯ ಮೇಷ್ಟ್ರಿಗೆ ನಮಸ್ಕಾರ.

ತೀರ್ಥಹಳ್ಳಿಯಿಂದ ನೀವು ಬರೆದ ಪತ್ರವನ್ನು ಕಚೇರಿಯಲ್ಲಿ ಎಲ್ಲರೂ ಓದಿದೆವು. ಪೂರ್ತಿ ಅಚ್ಚು ಹಾಕಲು ಜಾಗವಿಲ್ಲ, ಉಳಿದ ಓದುಗರಿಗಾಗಿ ತಿರುಳನ್ನಷ್ಟೇ ಹೇಳುತ್ತೇನೆ. ನಮ್ಮ ಕಲ್ಪನಾಕಥೆಗಳ ವಿಶೇಷಾಂಕ ನಿಮಗೆ ಹಿಡಿಸಿಲ್ಲ. ಕಥೆ ನೋಡಿ ಆರಿಸುವುದು ಬಿಟ್ಟು, ಬರೆದವರು ಹೆಂಗಸೋ, ದಲಿತರೋ, ಕಪ್ಪು ಜನರೋ, ಚೀನಾದವರೋ ಎಂದು ನೋಡಿ ಆರಿಸುತ್ತಿದ್ದೇವೆ ಎಂಬುದು ಮೊದಲ ಆಕ್ಷೇಪ. ವಿಜ್ಞಾನ ಕಥೆಗಳ ನಡುವೆ ಪ್ರಬಂಧ, ಕವಿತೆಗಳಿಗೆ ಏನು ಕೆಲಸ ಎಂಬುದು ಎರಡನೆಯದು. ‘ಸಾಮಾನ್ಯ ಓದುಗರಿಗೆ ಇದು ಒಗ್ಗುವುದಿಲ್ಲ, ನಿಲ್ಲಿಸಿ’ ಎಂದು ಮುಗಿಸಿದ್ದೀರಿ.

ಆ ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ. 1967ರಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಡಿಲೇನಿ ಎಂಬ ಕಪ್ಪು ಲೇಖಕರ ‘ನೋವಾ’ ಕಾದಂಬರಿ ಧಾರಾವಾಹಿಗಾಗಿ ‘ಅನಲಾಗ್’ ಪತ್ರಿಕೆಯ ಮೇಜಿಗೆ ಹೋಯಿತು. ಅಲ್ಲಿದ್ದವರು ಜಾನ್ ಕ್ಯಾಂಪ್‌ಬೆಲ್, ಆ ಕಾಲದ ವಿಜ್ಞಾನ ಕಥಾಲೋಕದ ಯಜಮಾನರೆಂದೇ ಹೇಳಬಹುದಾದ ಸಂಪಾದಕ. ಅವರು ಡಿಲೇನಿಯ ಏಜೆಂಟರಿಗೆ ಫೋನ್ ಮಾಡಿ, ಕೃತಿ ಚೆನ್ನಾಗಿಯೇ ಇದೆ, ಆದರೆ ನಾಯಕ ಕಪ್ಪು ಮನುಷ್ಯನಾದರೆ ನಮ್ಮ ಓದುಗರಿಗೆ ಹೊಂದುವುದಿಲ್ಲ ಎಂದರಂತೆ. ಡಿಲೇನಿಯವರೇ 1998ರ ಒಂದು ಪ್ರಬಂಧದಲ್ಲಿ ಇದನ್ನು ಬರೆದಿದ್ದಾರೆ. 1968ರಲ್ಲಿ ಅದು ಪುಸ್ತಕವಾಗಿ ಬಂತು, ಮರುವರ್ಷ ವಿಜ್ಞಾನ ಕಥೆಗಳಿಗೆ ಕೊಡುವ ಹ್ಯೂಗೊ ಪ್ರಶಸ್ತಿಯ ಅಂತಿಮ ಪಟ್ಟಿಗೂ ಏರಿತು. ಆ ಪ್ರಶಸ್ತಿಗೆ ಮತ ಹಾಕುವವರು ಓದುಗರೇ.

ನಮ್ಮ ಕಸುಬಿನಲ್ಲಿ ಇದಕ್ಕಿಂತ ಅಗ್ಗದ ನೆಪ ಇನ್ನೊಂದಿಲ್ಲ ಮೇಷ್ಟ್ರೇ. ತನ್ನ ಅಳುಕನ್ನು ಓದುಗರ ಹೆಗಲಿಗೆ ದಾಟಿಸಿ ಸಂಪಾದಕ ಆರಾಮಾಗಿ ಕೂರಬಹುದು. ನೀವು ಅದನ್ನು ಸಹಿ ಮಾಡಿ ಅಂಚೆಯಲ್ಲಿ ಕಳಿಸಿದ್ದೀರಿ, ಆದರೂ ನಾನು ಬಳಸಿಕೊಳ್ಳಲಾರೆ. ಬರೆದವರು ಯಾರು ಎಂದು ನೋಡುವುದು ಈಗ ಹುಟ್ಟಿದ ಚಾಳಿ ಎಂದುಕೊಳ್ಳಬೇಡಿ. ಮೊದಲಿನವರೂ ನೋಡುತ್ತಿದ್ದರು, ಬಾಯಿ ಬಿಟ್ಟು ಹೇಳುತ್ತಿರಲಿಲ್ಲ ಅಷ್ಟೆ.

ಹಾಗೆಂದು ಹೆಸರು ನೋಡಿ ಅಂಕ ಕೊಡುತ್ತೇವೆ ಎಂದಲ್ಲ. ನೋವನ್ನು ಪಟ್ಟಿ ಮಾಡಿ, ಕೊನೆಗೊಂದು ಅನ್ಯಗ್ರಹ ಅಂಟಿಸಿದ ಕಥೆಗಳು ನಮಗೆ ಬೇಕಾದಷ್ಟು ಬರುತ್ತವೆ, ವಾಪಸ್ಸೂ ಹೋಗುತ್ತವೆ. ನಾನು ಹುಡುಕುವುದು ಬೇರೆ. ಈ ಬಗೆಯ ಕಥೆಗಳೆಲ್ಲ ‘ಹೀಗಾಗಿದ್ದರೆ?’ ಎಂಬ ಒಂದು ಪ್ರಶ್ನೆಯಿಂದ ಹೊರಡುತ್ತವೆ. ಆ ಪ್ರಶ್ನೆ ಯಾವುದು ಎಂಬುದು ಕೇಳುವವರು ಎಲ್ಲಿ ನಿಂತಿದ್ದಾರೆ ಎಂಬುದನ್ನು ಅವಲಂಬಿಸಿದೆ. ಒಂದೇ ಜಗಲಿಯ ಮೇಲೆ ಕೂತವರು ಎಷ್ಟು ಜಾಣರಾದರೂ ಸುತ್ತಿ ಬಳಸಿ ಅದದೇ ಪ್ರಶ್ನೆಗಳನ್ನು ಕೇಳುತ್ತಾರೆ.

ವಿಶೇಷಾಂಕದ ಮೊದಲ ಕಥೆಯನ್ನೇ ನೋಡಿ. ರುಕಿಯಾ ಸಖಾವತ್ ಹುಸೇನ್ ಅವರ ‘ಸುಲ್ತಾನಾಳ ಕನಸು’. 1905ರಲ್ಲಿ ಮದ್ರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜಿನ್’ನಲ್ಲಿ ಇಂಗ್ಲಿಷಿನಲ್ಲೇ ಬಂದದ್ದು. ಈಗಿನ ಬಾಂಗ್ಲಾದೇಶದ ರಂಗ್‌ಪುರ ಸೀಮೆಯಲ್ಲಿ, ಗೋಷಾದೊಳಗೆ ಬೆಳೆದ ಹೆಣ್ಣುಮಗಳು ಈಕೆ. ಕಥೆಯ ನಾಡಿನಲ್ಲಿ ಗಂಡಸರು ಒಳಮನೆಯಲ್ಲಿ, ಹೆಂಗಸರು ಬೀದಿಯಲ್ಲಿ, ಕಾಲೇಜಿನಲ್ಲಿ, ರಾಜ್ಯಭಾರದಲ್ಲಿ. ಬಿಸಿಲನ್ನು ಹಿಡಿದಿಟ್ಟು ಅಡುಗೆ ಮಾಡುತ್ತಾರೆ, ಮೋಡದಿಂದ ನೀರಿಳಿಸಿಕೊಳ್ಳುತ್ತಾರೆ, ಗಾಳಿಯಲ್ಲಿ ಹಾರುವ ವಾಹನದಲ್ಲಿ ಓಡಾಡುತ್ತಾರೆ. ವಿಜ್ಞಾನ ಬೇಕೆಂದಿರಲ್ಲ, ಅದು ಧಾರಾಳವಾಗಿಯೇ ಇದೆ. ಕಚೇರಿ ಕೆಲಸ ಎರಡೇ ಗಂಟೆಯಲ್ಲಿ ಹೇಗೆ ಮುಗಿಯುತ್ತದೆ ಎಂಬುದಕ್ಕೆ ಅಲ್ಲೊಬ್ಬಳು ಲೆಕ್ಕ ಕೊಡುತ್ತಾಳೆ: ಒಂದು ಚುಟ್ಟ ಸೇದಲು ಅರ್ಧ ಗಂಟೆ, ಗಂಡಸು ದಿನಕ್ಕೆ ಹನ್ನೆರಡು ಸೇದಿದರೆ ಆರು ಗಂಟೆ ಹೊಗೆಯಲ್ಲೇ ಹೋಯಿತು! ಹೊರಗಿನಿಂದ ಗೋಷಾ ನೋಡಿ ಮರುಗಿದವರಿಗೆ ಈ ತುಂಟ ಲೆಕ್ಕ ಹೊಳೆಯುವುದಿಲ್ಲ.

ಪ್ರಬಂಧ ಏಕೆ ಎಂದಿರಿ. ಇದೇ ರುಕಿಯಾ 1931ರಲ್ಲಿ ಗೋಷಾ ಬದುಕಿನ 47 ಪುಟ್ಟ ಪ್ರಸಂಗಗಳನ್ನು ಬಂಗಾಳಿಯಲ್ಲಿ ‘ಅವರೋಧಬಾಸಿನಿ’ ಎಂದು ಪ್ರಕಟಿಸಿದರು. ಒಂದರಲ್ಲಿ, ಬಿಹಾರದ ರೈಲು ನಿಲ್ದಾಣವೊಂದರಲ್ಲಿ ಗಾಡಿ ಬದಲಿಸುವಾಗ ಹೆಂಗಸೊಬ್ಬಳು ಬುರ್ಖಾ ತೊಡರಿ ಹಳಿಗೆ ಬೀಳುತ್ತಾಳೆ. ಕೂಲಿಗಳು ಎತ್ತಲು ಧಾವಿಸಿದರೆ ಜೊತೆಗಿದ್ದ ದಾಸಿ ಅಡ್ಡ ನಿಲ್ಲುತ್ತಾಳೆ, ಪರಗಂಡಸರು ಮುಟ್ಟಕೂಡದು. ಅವಳೊಬ್ಬಳ ಕೈಲಿ ಎತ್ತಲಾಗುವುದಿಲ್ಲ. ರೈಲು ಅರ್ಧ ಗಂಟೆ ಕಾದು ಹೊರಟುಬಿಡುತ್ತದೆ, ಅವಳ ಮೇಲೆಯೇ. ಇದನ್ನು ಓದಿ ಮತ್ತೆ ಕಥೆಗೆ ಹೋಗಿ. ಚುಟ್ಟದ ಲೆಕ್ಕಕ್ಕೆ ಮೊದಲಿನಷ್ಟು ಸಲೀಸಾಗಿ ನಗಲು ಆಗುವುದಿಲ್ಲ. ಕಥೆಯ ಪಕ್ಕದಲ್ಲೇ ಪ್ರಬಂಧ ಇಟ್ಟದ್ದು ಅದಕ್ಕೇ.

‘ನಮಗೂ ಚೀನಾಕ್ಕೂ ಏನು ಸಂಬಂಧ’ ಎಂದೂ ಕೇಳಿದ್ದೀರಿ. ಸಂಪಾದಕೀಯದಲ್ಲಿ ನಾನು ಹೆಸರಿಸಿದ್ದ, 2016ರಲ್ಲಿ ಹ್ಯೂಗೊ ಪಡೆದ ಹಾವೊ ಜಿಂಗ್‌ಫಾಂಗ್ ಅವರ ಕಥೆಯಲ್ಲಿ ಬೀಜಿಂಗ್ ನಗರವೇ ಮಡಚಿಕೊಳ್ಳುತ್ತದೆ. ಒಂದೇ ನೆಲವನ್ನು ಮೂರು ವರ್ಗದವರು ಸರದಿಯ ಮೇಲೆ ಬಳಸುತ್ತಾರೆ. ಎರಡು ದಿನದ ಒಂದು ಸುತ್ತಿನಲ್ಲಿ 50 ಲಕ್ಷ ಸಿರಿವಂತರಿಗೆ ಪೂರ್ತಿ 24 ಗಂಟೆ, 5 ಕೋಟಿ ಬಡವರಿಗೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ. ಕಥಾನಾಯಕ ಕಸ ವಿಂಗಡಿಸುವವನು. ಬೆಂಗಳೂರಿನಲ್ಲಿ ನಾವು ಏಳುವಷ್ಟರಲ್ಲಿ ಬೀದಿ ಗುಡಿಸಿ ಮುಗಿಸಿರುವ ಪೌರಕಾರ್ಮಿಕರನ್ನು ಬಲ್ಲವರಿಗೆ ಸಂಬಂಧ ವಿವರಿಸಬೇಕಿಲ್ಲ. ಇನ್ನು ಊರ ಮನೆಗಳ ದೀಪಗಳು ಜೋತಮ್ಮಗಳಾಗಿ ಕೂಡಿ ಮಾತಾಡುವುದನ್ನು ದೇವನೂರರ ‘ಕುಸುಮಬಾಲೆ’ಯಲ್ಲಿ ಕನ್ನಡದವರು ಎಂದೋ ಒಪ್ಪಿಕೊಂಡಿದ್ದಾರೆ. ಅಲ್ಲಿ ವಿಜ್ಞಾನ ಎಲ್ಲಿ ಎಂದು ಯಾರೂ ಕೇಳಲಿಲ್ಲ.

ಕವಿತೆಗಳ ಬಗ್ಗೆ ಒಂದೇ ಮಾತು. ಅಲ್ಲಮನ ಬೆಡಗಿನ ವಚನ ಅರ್ಥವಾಗುವ ಮುಂಚೆಯೇ ಹಿಡಿಸುತ್ತದಲ್ಲ, ಅಷ್ಟು ಸಡಿಲವನ್ನು ಈ ಕವಿಗಳಿಗೂ ಕೊಡಿ. ಗಟ್ಟಿಯಾಗಿ ಓದಿ. ಆಗಲೂ ಹಿಡಿಸದಿದ್ದರೆ ಪುಟ ತಿರುಗಿಸಿ, ಯಾರೂ ಪರೀಕ್ಷೆ ಇಟ್ಟಿಲ್ಲ.

ವಿಶೇಷಾಂಕ ನಿಲ್ಲುವುದಿಲ್ಲ. ಆದರೆ ಲೇಖಕರ ಊರು, ಜಾತಿ, ಬಣ್ಣವನ್ನು ಕಥೆಗೆ ಮೊದಲೇ ಹಣೆಪಟ್ಟಿಯಂತೆ ಅಚ್ಚು ಹಾಕಬೇಡಿ ಎಂದಿದ್ದೀರಲ್ಲ, ಆ ಸಲಹೆ ನನಗೆ ಒಪ್ಪಿಗೆ. ಮುಂದಿನ ಸಂಚಿಕೆಯಿಂದ ಪರಿಚಯಗಳೆಲ್ಲ ಕೊನೆಯ ಪುಟದಲ್ಲಿ, ಒಟ್ಟಿಗೆ.

— ಸಂ.